ಪಿಕಪ್ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಕೆಡುವಿಕೆ ಮತ್ತು ರಿಪೇರಿಯ ಚರಿತ್ರೆ

ಅಮೆರಿಕದ ಪಿಕಪ್ ಗಾಡಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದದ್ದು 1950ರ ದಶಕದ ಮೊದಲ ವರ್ಷಗಳಲ್ಲಿ. ಫೋರ್ಡ್ ಕಂಪನಿ 1953ರ ಎಫ್-100 ಮಾದರಿಯಲ್ಲಿ, ಷೆವ್ರೊಲೆ 1954ರ ಪಿಕಪ್‌ಗಳಲ್ಲಿ, ಹೆಚ್ಚಿನ ಹಣ ತೆರುವವರಿಗೆ ಅದನ್ನು ಕೂರಿಸಿ ಕೊಡತೊಡಗಿದವು. ಅಲ್ಲಿಯವರೆಗೆ ಪಿಕಪ್ ಎಂದರೆ ಹೊಲದ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ದುಡಿಯುವ ಒರಟು ಗಾಡಿ. ಎಡಗಾಲಿನ ಕೆಳಗೆ ಕ್ಲಚ್, ಕೈಯಲ್ಲಿ ಗೇರ್ ರಾಡ್. ಕ್ಲಚ್ ಸವೆದರೆ ಕೆಲಸ ಬಲ್ಲ ರೈತ ತಾನೇ ಗಾಡಿಯಡಿ ಮಲಗಿ ಪ್ಲೇಟ್ ಬದಲಿಸಿಕೊಳ್ಳಬಹುದಿತ್ತು. ಹೊಸ ಗೇರ್‌ಬಾಕ್ಸ್ ಎಡಗಾಲಿಗೆ ಬಿಡುವು ಕೊಟ್ಟಿತು. ಜೊತೆಗೇ ರಿಪೇರಿಯನ್ನು ಮಾಲೀಕನ ಕೈಯಿಂದ ತೆಗೆದು ನುರಿತವರ ಕೈಗೆ ಒಪ್ಪಿಸಿತು.

ಈ ಗೇರ್‌ಬಾಕ್ಸಿನ ಮೂಲ ಹಡಗುಕಟ್ಟೆಯಲ್ಲಿದೆ. ಜರ್ಮನಿಯ ಎಂಜಿನಿಯರ್ ಹೆರ್ಮನ್ ಫಟಿಂಗರ್, ಹಡಗಿನ ಎಂಜಿನ್ನಿನ ಶಕ್ತಿಯನ್ನು ದ್ರವದ ಮೂಲಕ ದಾಟಿಸುವ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ನಡುವೆ ಎಣ್ಣೆ ತುಂಬಿದರೆ, ಒಂದು ತಿರುಗಿದಾಗ ಎಣ್ಣೆಯ ರಭಸಕ್ಕೆ ಇನ್ನೊಂದೂ ತಿರುಗುತ್ತದೆ ಎಂಬುದು ಅದರ ಸಾರ. ಇದೇ ತತ್ತ್ವವನ್ನು ಜನರಲ್ ಮೋಟಾರ್ಸ್‌ನ ಅರ್ಲ್ ಥಾಂಪ್ಸನ್ ಮತ್ತು ಸಂಗಡಿಗರು ಗ್ರಹಚಕ್ರದ ಗೇರುಗಳ ಜೊತೆ ಸೇರಿಸಿ ‘ಹೈಡ್ರಾ-ಮ್ಯಾಟಿಕ್’ ರೂಪಿಸಿದರು. ಅದು 1940ರ ಓಲ್ಡ್ಸ್‌ಮೊಬಿಲ್ ಕಾರುಗಳೊಂದಿಗೆ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಎಂ5 ಸ್ಟುಅರ್ಟ್ ಮುಂತಾದ ಲಘು ಟ್ಯಾಂಕುಗಳನ್ನೂ ಅದು ಎಳೆಯಿತು. ಟ್ಯಾಂಕಿನ ಭಾರ ತಾಳಿದ ಯಂತ್ರ ಭಾರ ಹೊರುವ ಪಿಕಪ್‌ಗೂ ಆದೀತು ಎಂಬ ನಂಬಿಕೆಗೆ ಇಲ್ಲಿ ಆಧಾರವಿತ್ತು.

ಕೆಡುವ ಬಗೆ ತಿಳಿಯಬೇಕಾದರೆ ಕೆಲಸ ಮಾಡುವ ಬಗೆ ತಿಳಿದಿರಬೇಕು. ಎಂಜಿನ್ನಿನ ಹಿಂದೆ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರ ಹಿಂದೆ ಎಣ್ಣೆಯ ಪಂಪು, ಗ್ರಹಚಕ್ರದ ಗೇರುಗಳು, ಅವುಗಳನ್ನು ಬೇಕಾದಂತೆ ಹಿಡಿದು ಬಿಡುವ ಕ್ಲಚ್ ಪ್ಲೇಟುಗಳ ಕಟ್ಟು ಮತ್ತು ಉಕ್ಕಿನ ಪಟ್ಟಿಗಳು. ಕೆಳಗೆ ವಾಲ್ವ್ ಬಾಡಿ: ಜಟಿಲವಾದ ಓಣಿಗಳನ್ನು ಕೊರೆದ ಲೋಹದ ಹಲಗೆ. ಯಾವ ಕ್ಲಚ್ಚಿಗೆ ಯಾವಾಗ ಎಷ್ಟು ಒತ್ತಡದ ಎಣ್ಣೆ ಹೋಗಬೇಕೆಂದು ತೀರ್ಮಾನವಾಗುವುದು ಅಲ್ಲಿ. ಶಕ್ತಿ ದಾಟಿಸುವುದು, ಕ್ಲಚ್ಚನ್ನು ಒತ್ತಿ ಹಿಡಿಯುವುದು, ಉಜ್ಜಾಟ ತಗ್ಗಿಸುವುದು, ಬಿಸಿಯನ್ನು ಹೊರಗೊಯ್ಯುವುದು — ಈ ನಾಲ್ಕೂ ಒಂದೇ ಎಣ್ಣೆಯ ಹೊಣೆ. ಎಣ್ಣೆ ಕಡಿಮೆಯಾದರೆ, ಹಳಸಿದರೆ ಅಥವಾ ಅದರ ಒತ್ತಡ ಕುಸಿದರೆ ನಾಲ್ಕು ಕೆಲಸಗಳೂ ಒಟ್ಟಿಗೆ ಹದಗೆಡುತ್ತವೆ.

ಎಣ್ಣೆಯ ದೊಡ್ಡ ಶತ್ರು ಬಿಸಿ. ಕಾರಿಗಿಂತ ಪಿಕಪ್ಪಿಗೆ ಇದರ ಕಾಟ ಹೆಚ್ಚು. ಹಿಂದೆ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ, ಕೆಸರಿನಲ್ಲಿ ಸಿಕ್ಕಿ ಹಿಂದೆ ಮುಂದೆ ಜಗ್ಗುವಾಗ, ಟಾರ್ಕ್ ಕನ್ವರ್ಟರಿನಲ್ಲಿ ಎಣ್ಣೆ ಸುಮ್ಮನೆ ಕಡೆದು ಕಾಯುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 11 ಡಿಗ್ರಿ ಏರಿಕೆಗೂ ಎಣ್ಣೆಯ ಆಯುಷ್ಯ ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಸ್ಥೂಲ ಲೆಕ್ಕ. ಕಾದ ಎಣ್ಣೆಯಲ್ಲಿ ರಬ್ಬರ್ ಸೀಲುಗಳು ಗಟ್ಟಿಯಾಗಿ ಬಿರಿಯುತ್ತವೆ, ಒತ್ತಡ ಸೋರುತ್ತದೆ, ಕ್ಲಚ್ ಬಿಗಿಯಾಗಿ ಹಿಡಿಯದೆ ಜಾರುತ್ತದೆ, ಜಾರಿದಷ್ಟೂ ಮತ್ತೆ ಬಿಸಿ ಹುಟ್ಟುತ್ತದೆ. ಎಂಜಿನ್ ಕೂಗಿದರೂ ಗಾಡಿ ಓಡದಿರುವುದು, ಗೇರ್ ಹಾಕಿ ಕೆಲ ಕ್ಷಣ ಕಳೆದ ಮೇಲೆ ಗಾಡಿ ಅಲುಗುವುದು, ಕೆಂಪು ಎಣ್ಣೆ ಕಂದಾಗಿ ಸುಟ್ಟ ವಾಸನೆ ಬರುವುದು — ಇವು ಈ ವಿಷಚಕ್ರದ ಗುರುತುಗಳು. ಮಾಲೀಕನಿಗೆ ಒಂದೇ ದಿನ ಕೆಟ್ಟಂತೆ ಕಾಣುವ ಗೇರ್‌ಬಾಕ್ಸ್ ಸಾಮಾನ್ಯವಾಗಿ ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟಿರುತ್ತದೆ.

ಎಣ್ಣೆಗೂ ಅದರದೇ ಚರಿತ್ರೆಯಿದೆ. ಜನರಲ್ ಮೋಟಾರ್ಸ್ 1949ರಲ್ಲಿ ‘ಟೈಪ್ ಎ’ ಎಂಬ ಮಾನದಂಡ ಗೊತ್ತುಮಾಡಿತು. 1960ರ ದಶಕದ ಕೊನೆಯಲ್ಲಿ ‘ಡೆಕ್ಸ್‌ರಾನ್’ ಬಂತು. ಕ್ಲಚ್ಚುಗಳು ಗಕ್ಕನೆ ಕಚ್ಚದೆ ಮೃದುವಾಗಿ ಹಿಡಿಯಲೆಂದು ಈ ಎಣ್ಣೆಗಳಲ್ಲಿ ಸ್ಪರ್ಮ್ ತಿಮಿಂಗಿಲದ ಕೊಬ್ಬಿನಿಂದ ತಯಾರಾದ ಅಂಶವನ್ನು ಬೆರೆಸುತ್ತಿದ್ದರು. 1970ರಲ್ಲಿ ಅಮೆರಿಕ ಸರ್ಕಾರ ಆ ತಿಮಿಂಗಿಲವನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದಾಗ ಆ ದಾರಿ ಮುಚ್ಚಿತು. ಬದಲಿಗೆ ಬಂದ ಡೆಕ್ಸ್‌ರಾನ್-2ರ ಮೊದಲ ಸೂತ್ರ, ರೇಡಿಯೇಟರಿನೊಳಗಿನ ಎಣ್ಣೆ ತಂಪುಮಾಡುವ ಕೊಳವೆಯ ಬೆಸುಗೆಯನ್ನು ತಿನ್ನುತ್ತದೆ ಎಂದು ತಿಳಿದು ಅದನ್ನು ಮತ್ತೆ ತಿದ್ದಬೇಕಾಯಿತು. ಆ ಬೆಸುಗೆ ಬಿಟ್ಟರೆ ರೇಡಿಯೇಟರಿನ ನೀರು ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಎಣ್ಣೆ ಗುಲಾಬಿ ಬಣ್ಣದ ನೊರೆಹಾಲಿನಂತಾಗಿ, ಕ್ಲಚ್ ಪ್ಲೇಟಿಗೆ ಅಂಟಿಸಿದ ಕಾಗದದ ಪದರ ಕಿತ್ತು ಬರುತ್ತದೆ. ಹಳೆಯ ಪಿಕಪ್‌ಗಳಲ್ಲಿ ಇಂದಿಗೂ, ಗೇರ್‌ಬಾಕ್ಸಿನ ಸಾವಿಗೆ ತುಕ್ಕು ಹಿಡಿದ ರೇಡಿಯೇಟರ್ ಕಾರಣವಾಗುವುದುಂಟು.

ಇಷ್ಟು ಬಗೆಯಲ್ಲಿ ಕೆಡುವ ಯಂತ್ರಕ್ಕೆ ಪ್ರತ್ಯೇಕ ವೈದ್ಯರು ಬೇಕಾದರು. ಸಾಮಾನ್ಯ ಗ್ಯಾರೇಜುಗಳು ಇದನ್ನು ಬಿಚ್ಚಲು ಹಿಂಜರಿದವು, ಇದನ್ನೇ ಮಾಡುವ ಅಂಗಡಿಗಳು ಊರೂರಲ್ಲಿ ಹುಟ್ಟಿದವು. 1954ರಲ್ಲಿ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ರೀಬಿಲ್ಡರ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡ ಈ ಕಸುಬುದಾರರು, ಒಬ್ಬರು ಕಂಡುಕೊಂಡ ದೋಷವನ್ನು ಎಲ್ಲರಿಗೂ ತಿಳಿಸುವ ಪದ್ಧತಿ ಬೆಳೆಸಿದರು. 1960ರ ದಶಕದ ಆರಂಭದಲ್ಲಿ ಆಂಟನಿ ಮಾರ್ಟಿನೊ ಮತ್ತು ರಾಬರ್ಟ್ ಮಾರ್ಗನ್ ಕಟ್ಟಿದ ‘ಆಮ್ಕೊ’ ಈ ಕೆಲಸವನ್ನೇ ದೇಶವ್ಯಾಪಿ ಅಂಗಡಿ ಸರಣಿಯಾಗಿ ಮಾಡಿತು. ‘ಟ್ರಾನ್ಸ್-ಗೋ’ ಸಂಸ್ಥೆಯ ಗಿಲ್ ಯಂಗರ್ ‘ಶಿಫ್ಟ್ ಕಿಟ್’ ರೂಪಿಸಿದ. ವಾಲ್ವ್ ಬಾಡಿಯ ಸ್ಪ್ರಿಂಗು, ರಂಧ್ರಗಳನ್ನು ಬದಲಿಸಿ ಕ್ಲಚ್ ಬೇಗ, ಬಿಗಿಯಾಗಿ ಹಿಡಿಯುವಂತೆ ಮಾಡುವ ಸಾಮಾನಿನ ಪೊಟ್ಟಣವದು. ಕಾರ್ಖಾನೆ ಸುಖಕ್ಕಾಗಿ ನಯಗೊಳಿಸಿದ್ದನ್ನು ಭಾರ ಹೊರುವ ಗಾಡಿಗೆ ತಕ್ಕಂತೆ ತಿದ್ದುವ ಈ ಜಾಣ್ಮೆ ಅನುಭವದಿಂದ ಹುಟ್ಟಿದ್ದು.

ಮುಚ್ಚಿದ ಪೆಟ್ಟಿಗೆಯೊಳಗೆ ಏನಾಗಿದೆ ಎಂದು ಗಿರಾಕಿಗೆ ಕಾಣದಿದ್ದುದರಿಂದ ಮೋಸಕ್ಕೂ ಅವಕಾಶವಿತ್ತು. ಒಂದು ಸ್ಕ್ರೂ ತಿರುಗಿಸಿದರೆ ಸರಿಹೋಗುವ ದೋಷಕ್ಕೆ ಇಡೀ ಗೇರ್‌ಬಾಕ್ಸಿನ ಬೆಲೆ ತೆರುವ ಅಪಾಯ ಗಿರಾಕಿಯ ಪಾಲಿಗಿತ್ತು. ಕ್ಯಾಲಿಫೋರ್ನಿಯಾ ರಾಜ್ಯ 1971ರಲ್ಲಿ ವಾಹನ ರಿಪೇರಿ ಕಾಯ್ದೆ ತಂದು, ಮರುವರ್ಷ ಅದರ ಉಸ್ತುವಾರಿಗೆ ಇಲಾಖೆಯೊಂದನ್ನು ತೆರೆಯಿತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಅಲ್ಲಿ ಪ್ರತ್ಯೇಕ ನಿಯಮವೇ ಇದೆ: ಗಾಡಿಯಿಂದ ಅದನ್ನು ಇಳಿಸುವ ಮೊದಲು, ಹೊರಗಿನ ಭಾಗ ಬದಲಿಸಿದರೆ ಅಥವಾ ಸರಿಹೊಂದಿಸಿದರೆ ಸಾಕೇ ಎಂದು ಪರೀಕ್ಷಿಸಲೇಬೇಕು, ‘ರೀಬಿಲ್ಟ್’ ಎಂದು ಕರೆಯಬೇಕಾದರೆ ಸವೆಯುವ ಪ್ಲೇಟು, ಸೀಲು, ಗ್ಯಾಸ್ಕೆಟ್, ಫಿಲ್ಟರುಗಳು ಹೊಸದಾಗಿರಬೇಕು. ಪ್ರಾಮಾಣಿಕ ಮೆಕ್ಯಾನಿಕ್ ಮೊದಲಿನಿಂದಲೂ ಪಾಲಿಸಿದ ಕ್ರಮವನ್ನೇ ಈ ನಿಯಮ ಕಾನೂನಾಗಿಸಿತು.

1970ರ ದಶಕದ ತೈಲ ಬಿಕ್ಕಟ್ಟು ಗೇರ್‌ಬಾಕ್ಸಿನ ಒಡಲನ್ನೂ ಬದಲಿಸಿತು. ಇಂಧನ ಉಳಿಸಲು ನಾಲ್ಕನೆಯ ಗೇರು, ಅಂದರೆ ಓವರ್‌ಡ್ರೈವ್, ಬೇಕಾಯಿತು. ಮೂರು ಗೇರಿನ ಗಟ್ಟಿಮುಟ್ಟಾದ ಹಳೆಯ ಪೆಟ್ಟಿಗೆಗಳ ಜಾಗಕ್ಕೆ 1982ರಲ್ಲಿ ಜನರಲ್ ಮೋಟಾರ್ಸ್‌ನ 700-ಆರ್4 ಬಂತು. ಹಳೆಯ ಷೆವ್ರೊಲೆ, ಜಿಎಂಸಿ ಪಿಕಪ್ ಇಟ್ಟುಕೊಂಡವರಿಗೆ ಇದರ ದೋಷಗಳು ಬಾಯಿಪಾಠ. ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬುದನ್ನು ಗೇರ್‌ಬಾಕ್ಸಿಗೆ ತಿಳಿಸುವ ಕೆಲಸ ‘ಟಿವಿ ಕೇಬಲ್’ ಎಂಬ ತಂತಿಯದು. ಅದು ಸಡಿಲವಾದರೆ ಎಣ್ಣೆಯ ಒತ್ತಡ ಏರುವುದಿಲ್ಲ, ಹೊಸದಾಗಿ ಕಟ್ಟಿದ ಗೇರ್‌ಬಾಕ್ಸ್ ಕೂಡ ಸ್ವಲ್ಪ ದೂರದಲ್ಲೇ ಸುಟ್ಟುಹೋಗಬಹುದು. ಕಾರ್ಬ್ಯುರೇಟರ್ ಬದಲಿಸಿ ಈ ತಂತಿಯ ಅಳತೆ ಮರೆತವರು ತೆತ್ತ ದಂಡ ದೊಡ್ಡದು. ಮೂರು-ನಾಲ್ಕನೆಯ ಗೇರಿನ ಕ್ಲಚ್ ಬೇಗ ಸವೆಯುತ್ತದೆ. ಭಾರ ಎಳೆಯುವಾಗ ಓವರ್‌ಡ್ರೈವ್ ಬಿಟ್ಟು ಮೂರನೆಯ ಗೇರಿನಲ್ಲೇ ಓಡಿಸಬೇಕೆಂಬ ಸೂಚನೆ ಇದೇ ಕಾರಣಕ್ಕೆ. ಎರಡು, ನಾಲ್ಕು ಮತ್ತು ರಿವರ್ಸ್ ಒಟ್ಟಿಗೆ ಕೈಕೊಟ್ಟರೆ ‘ಸನ್ ಶೆಲ್’ ಎಂಬ ಬಟ್ಟಲಿನಾಕಾರದ ಭಾಗ ಮುರಿದಿರುವ ಸಂಭವ ಹೆಚ್ಚು ಎಂದು ನುರಿತವರು ಬಿಚ್ಚುವ ಮೊದಲೇ ಹೇಳಬಲ್ಲರು.

ಮುಂದಿನ ಹೆಜ್ಜೆ ಕಂಪ್ಯೂಟರಿನದು. ಫೋರ್ಡ್ 1989ರಲ್ಲಿ ತನ್ನ ಪಿಕಪ್‌ಗಳಿಗೆ ಇ4ಒಡಿ ಕೂರಿಸಿತು. 700-ಆರ್4 ಪೆಟ್ಟಿಗೆ 4ಎಲ್60 ಎಂದು ಹೆಸರು ಬದಲಿಸಿಕೊಂಡು 1993ರಿಂದ 4ಎಲ್60-ಇ ಆಯಿತು. ತಂತಿಯ ಕೆಲಸ ಸೆನ್ಸರ್‌ಗಳಿಗೆ, ಗೇರ್ ಬದಲಿಸುವ ತೀರ್ಮಾನ ಕಂಪ್ಯೂಟರಿಗೆ, ಎಣ್ಣೆಯ ಬಾಗಿಲು ತೆರೆದು ಮುಚ್ಚುವ ಕೆಲಸ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಕ್ಕೆ ಹೋಯಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರು, ಪಿಕಪ್‌ಗಳಲ್ಲಿ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ದೋಷದ ಸಂಕೇತ ಸಂಖ್ಯೆಯನ್ನು ತೋರಿಸತೊಡಗಿತು. ಸಂಖ್ಯೆ ದೋಷದ ದಿಕ್ಕನ್ನು ತೋರುತ್ತದೆ, ಕಾರಣವನ್ನು ಹುಡುಕಬೇಕಾದವರು ಮೆಕ್ಯಾನಿಕ್‌ಗಳೇ. ತುಕ್ಕು ಹಿಡಿದ ಒಂದು ವೈರಿನ ಜೋಡಣೆಯೂ ಸತ್ತ ಗೇರ್‌ಬಾಕ್ಸಿನ ಲಕ್ಷಣಗಳನ್ನೇ ತೋರಬಲ್ಲದು.

ಏಳು ದಶಕಗಳ ಈ ಅನುಭವದಿಂದ ಹಳೆಯ ಪಿಕಪ್ಪಿನ ಚಿಕಿತ್ಸೆಗೆ ಒಂದು ಕ್ರಮ ರೂಪುಗೊಂಡಿದೆ. ಮೊದಲು ಎಣ್ಣೆಯ ಮಟ್ಟ, ಬಣ್ಣ, ವಾಸನೆ. ಆಮೇಲೆ ತಂತಿ ಅಥವಾ ವೈರು. ಆಮೇಲೆ ಗೇಜು ಕೂರಿಸಿ ಒತ್ತಡದ ಅಳತೆ. ಕೊನೆಗೆ ಕೆಳಗಿನ ತಟ್ಟೆ ಬಿಚ್ಚಿ ಅದರಲ್ಲಿ ಕೂತ ಕಿಟ್ಟದ ಪರೀಕ್ಷೆ. ಬೂದಿಯಂತಹ ನಯವಾದ ಮಸಿ ಸಹಜ ಸವೆತ. ಹೊಳೆಯುವ ಲೋಹದ ಚೂರುಗಳು ಕಂಡರೆ ಪೆಟ್ಟಿಗೆ ಇಳಿಸಲೇಬೇಕು. ತೀರಾ ಸವೆದ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಿದರೆ ಅದು ಸಾಯುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಹಳೆಯದು. ಅಂಥ ಕ್ಲಚ್ಚು ಎಣ್ಣೆ ಬದಲಿಸುವ ಹೊತ್ತಿಗೇ ಮುಗಿದಿರುತ್ತದೆ ಎಂಬುದು ಅದಕ್ಕೆ ಬಲ್ಲವರ ಉತ್ತರ.

ಇಳಿಸಿದ ಮೇಲೆ ಮೂರು ದಾರಿ. ಇದ್ದದ್ದನ್ನೇ ಬಿಚ್ಚಿ ಕಟ್ಟಿಸಬಹುದು. ಕೆಟ್ಟದ್ದನ್ನು ಒಪ್ಪಿಸಿ, ಕಾರ್ಖಾನೆಯಲ್ಲಿ ಮರುಕಟ್ಟಿದ ಇನ್ನೊಂದನ್ನು ತರಬಹುದು. ಒಪ್ಪಿಸಿದ ಹಳೆಯದಕ್ಕೆ ‘ಕೋರ್’ ಎಂದು ಹೆಸರು, ಅದನ್ನು ಹಿಂದಿರುಗಿಸದಿದ್ದರೆ ಠೇವಣಿ ಹೋಗುತ್ತದೆ. ಗುಜರಿಯಿಂದ ಬಳಸಿದ್ದನ್ನು ತರುವುದು ಅಗ್ಗ, ಅದರ ಆಯುಷ್ಯಕ್ಕೆ ಖಾತ್ರಿಯಿಲ್ಲ. ಯಾವ ದಾರಿ ಹಿಡಿದರೂ ಟಾರ್ಕ್ ಕನ್ವರ್ಟರ್ ಬದಲಿಸಬೇಕು, ತಂಪುಮಾಡುವ ಕೊಳವೆಗಳನ್ನು ತೊಳೆಯಬೇಕು. ಹಳೆಯ ಪೆಟ್ಟಿಗೆಯ ಚೂರುಗಳು ಅಡಗಿರುವುದು ಅಲ್ಲೇ, ಹೊಸದನ್ನು ಕೊಲ್ಲುವುದೂ ಅವೇ. ಭಾರ ಎಳೆಯುವ ಗಾಡಿಗೆ ರೇಡಿಯೇಟರಿನ ಮುಂದೆ ಪ್ರತ್ಯೇಕ ಆಯಿಲ್ ಕೂಲರ್ ಕೂರಿಸಿದರೆ ಎಣ್ಣೆ ತಣ್ಣಗಿರುತ್ತದೆ, ಕಟ್ಟಿದ ಕೆಲಸವೂ ಉಳಿಯುತ್ತದೆ.