ಬಿಳಿ ಆನೆ ಊರು ಬಿಟ್ಟ ಕತೆ

ಸೋಲುವ ತಂಡವನ್ನು ಪ್ರೀತಿಸೋದು ಹೇಗೆ ಅಂತ ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ಈ ಸಲ ಕಪ್ ನಮ್ದೇ’ ಅಂತ ವರ್ಷಾನುಗಟ್ಟಲೆ ಹೇಳಿ, ಹದಿನೆಂಟನೇ ಸೀಸನ್ನಿನಲ್ಲಿ, 2025ರ ಜೂನ್‌ನಲ್ಲಿ, ಅದನ್ನು ನಿಜ ಮಾಡಿಕೊಂಡವರು ನಾವು. (ಮಾರನೇ ದಿನ ಆದದ್ದು ಬೇರೆಯೇ ದುಃಖ, ಅದರ ಮಾತು ಇಲ್ಲಿ ಬೇಡ.) ಆದರೆ ಆರ್‌ಸಿಬಿ ಎಷ್ಟೇ ಹೀನಾಯವಾಗಿ ಸೋತರೂ, 49ಕ್ಕೆ ಆಲೌಟ್ ಆದಾಗಲೂ, ತಂಡ ಬೆಂಗಳೂರು ಬಿಟ್ಟು ಹೋಗಿಬಿಡುತ್ತೆ ಅಂತ ನಾವು ಯಾರೂ ಹೆದರಿರಲಿಲ್ಲ. ಅಂಥದ್ದೊಂದು ಭಯ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ನನ್ನ ಇನ್ನೊಂದು ತಂಡ, ಓಕ್ಲಂಡ್ ಅಥ್ಲೆಟಿಕ್ಸ್. ಪ್ರೀತಿಯಿಂದ ‘ಏಸ್’.

ಬೇಸ್‌ಬಾಲ್ ಗೊತ್ತಿಲ್ಲದವರಿಗೂ ಈ ತಂಡ ಗೊತ್ತು. ‘ಮನಿಬಾಲ್’ ಸಿನಿಮಾದಲ್ಲಿ ಬ್ರಾಡ್ ಪಿಟ್ ಕುರ್ಚಿ ಎಸೆಯುತ್ತಾನಲ್ಲ, ಅದೇ ತಂಡ. ನಮ್ಮ ಐಟಿ ಆಫೀಸುಗಳಲ್ಲಿ ಈ ಸಿನಿಮಾ ಒಂದು ಥರ ಸತ್ಯನಾರಾಯಣ ಕತೆಯ ಹಾಗೆ. ಡೇಟಾ ನಂಬಿದವರಿಗೆ ಇಷ್ಟಾರ್ಥ ಸಿದ್ಧಿ. ಕಡಿಮೆ ದುಡ್ಡಿನಲ್ಲಿ ಹೆಚ್ಚು ಗೆಲುವು. ಬಜೆಟ್ ಕತ್ತರಿಸುವ ಮ್ಯಾನೇಜರುಗಳಿಗಂತೂ ಪರಮಪ್ರಿಯ. ನನಗೆ ಮಾತ್ರ ಈ ಸಿನಿಮಾ ನೋಡಿದಾಗಲೆಲ್ಲ ಮೈ ಉರಿಯುತ್ತೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ, ಅಂದರೆ 1901ಕ್ಕೆ ಹೋಗಬೇಕು.

ಆ ವರ್ಷ ಫಿಲಡೆಲ್ಫಿಯಾದಲ್ಲಿ ತಂಡ ಹುಟ್ಟಿತು. ಮ್ಯಾನೇಜರ್ ಕಾನಿ ಮ್ಯಾಕ್. ಮೈದಾನದ ಪಕ್ಕ ಸೂಟು ಹಾಕಿಕೊಂಡು ಕೂರುತ್ತಿದ್ದ ಈ ಮನುಷ್ಯ ಸತತ 50 ವರ್ಷ ಆ ಜಾಗದಲ್ಲಿದ್ದ. ಎದುರಾಳಿ ತಂಡದ ಜಾನ್ ಮೆಗ್ರಾ ಹೀಯಾಳಿಸುತ್ತ, ಈ ತಂಡ ಒಂದು ಬಿಳಿ ಆನೆ, ಸಾಕೋದಷ್ಟೇ ಬಂತು ಅಂದ. ಮ್ಯಾಕ್ ಸಿಟ್ಟಾಗಲಿಲ್ಲ, ಬಿಳಿ ಆನೆಯನ್ನೇ ತಂಡದ ಗುರುತು ಮಾಡಿಕೊಂಡ. ಓಕ್ಲಂಡ್ ಕಾಲದಲ್ಲೂ ಆಟಗಾರರ ತೋಳಿನ ಮೇಲೆ ಆ ಆನೆ ಇತ್ತು.

ಈ ಮ್ಯಾಕ್ ಮಹಾಶಯ 1910, 1911, 1913ರಲ್ಲಿ ವಿಶ್ವ ಸರಣಿ ಗೆದ್ದ. 1914ರ ಫೈನಲ್‌ನಲ್ಲಿ ಸೋತ. ಸಂಬಳ ಏರುತ್ತಿತ್ತು, ದುಡ್ಡಿರಲಿಲ್ಲ. ಒಬ್ಬೊಬ್ಬರಾಗಿ ಸ್ಟಾರ್‌ಗಳನ್ನು ಕಳಿಸಿಬಿಟ್ಟ. 1916ರಲ್ಲಿ ತಂಡ ಗೆದ್ದದ್ದು 36, ಸೋತದ್ದು 117. ಕ್ರಿಕೆಟ್ ಲೆಕ್ಕದಲ್ಲಿ ಇದರ ಭೀಕರತೆ ಅರ್ಥವಾಗಲ್ಲ. ಬೇಸ್‌ಬಾಲ್‌ನಲ್ಲಿ ಎಂಥ ಕೆಟ್ಟ ತಂಡವೂ ಮೂರರಲ್ಲಿ ಒಂದು ಆಟ ಗೆಲ್ಲುತ್ತೆ, ಎಂಥ ಒಳ್ಳೆಯ ತಂಡವೂ ಮೂರರಲ್ಲಿ ಒಂದು ಸೋಲುತ್ತೆ. ನಾಲ್ಕರಲ್ಲಿ ಒಂದೂ ಗೆಲ್ಲದೇ ಇರೋದಕ್ಕೆ ವಿಶೇಷ ಪ್ರಯತ್ನ ಬೇಕು. ಮ್ಯಾಕ್ ಮತ್ತೆ ಕಟ್ಟಿದ, 1929, 1930ರಲ್ಲಿ ಮತ್ತೆ ಗೆದ್ದ, ಆರ್ಥಿಕ ಕುಸಿತ ಬಂತು, ಮತ್ತೆ ಮಾರಿದ. ಅಲ್ಲಿಂದ 1954ರವರೆಗೆ ಕುಂಟುತ್ತ ಸಾಗಿ ತಂಡ ಕಾನ್ಸಾಸ್ ಸಿಟಿಗೆ ಹೋಯಿತು. ಅಲ್ಲಿ 13 ವರ್ಷ, ಒಂದು ವರ್ಷವೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ. ಒಳ್ಳೆಯ ಆಟಗಾರ ಸಿಕ್ಕರೆ ನ್ಯೂಯಾರ್ಕ್ ಯಾಂಕೀಸ್‌ಗೆ ಕಳಿಸೋದು ರೂಢಿಯೇ ಆಗಿತ್ತು. 1961ರಲ್ಲಿ 61 ಹೋಮ್ ರನ್ ಹೊಡೆದು ದಾಖಲೆ ಬರೆದ ರಾಜರ್ ಮ್ಯಾರಿಸ್ ಇಲ್ಲಿಂದ ಹೋದವನೇ.

1968ರಲ್ಲಿ ಇನ್ಶೂರೆನ್ಸ್ ವ್ಯಾಪಾರಿ ಚಾರ್ಲಿ ಫಿನ್ಲಿ ತಂಡವನ್ನು ಓಕ್ಲಂಡಿಗೆ ತಂದ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದ ಊರು ಅದು. ಬಂದರು, ರೈಲು, ಕೂಲಿ ಕಾರ್ಮಿಕರು, ದಕ್ಷಿಣದಿಂದ ವಲಸೆ ಬಂದ ಕಪ್ಪು ಕುಟುಂಬಗಳು. ಸೇತುವೆ ಈ ಕಡೆ ಗ್ಲಾಮರ್, ಆ ಕಡೆ ಗೇಮೆ. ಫಿನ್ಲಿ ವಿಚಿತ್ರ ಆಸಾಮಿ. ಮೀಸೆ ಬಿಟ್ಟವರಿಗೆ 300 ಡಾಲರ್ ಇನಾಮು ಕೊಟ್ಟ, ಹೇಸರಗತ್ತೆಯೊಂದನ್ನು ತಂಡದ ಲಾಂಛನವಾಗಿ ಮೆರೆಸಿದ. ಆದರೆ ಆ ಮೀಸೆ ತಂಡ 1972, 73, 74, ಸಾಲಾಗಿ ಮೂರು ಸಲ ವಿಶ್ವ ಸರಣಿ ಗೆದ್ದಿತು. ಆಮೇಲೆ? ಊಹಿಸಿರುತ್ತೀರಿ. 1976ರಲ್ಲಿ ಮೂವರು ಆಟಗಾರರನ್ನು ಒಟ್ಟು 35 ಲಕ್ಷ ಡಾಲರ್‌ಗೆ ಮಾರಲು ಹೊರಟ. ಇದು ಆಟಕ್ಕೇ ಕೆಡುಕು ಅಂತ ಬೇಸ್‌ಬಾಲ್ ಕಮಿಷನರ್ ತಡೆದರು. ಅಷ್ಟು ಹೊತ್ತಿಗೆ ಆಟಗಾರರಿಗೆ ಒಪ್ಪಂದ ಮುಗಿದ ಮೇಲೆ ಬೇಕಾದಲ್ಲಿಗೆ ಹೋಗುವ ಸ್ವಾತಂತ್ರ್ಯ ಸಿಕ್ಕಿತ್ತು, ಬಹುತೇಕರು ಹೊರಟೇ ಹೋದರು. 1979ರಲ್ಲಿ 108 ಸೋಲು. ಆ ವರ್ಷದ ಏಪ್ರಿಲ್‌ನ ಒಂದು ಆಟಕ್ಕೆ ಬಂದವರು 653 ಜನ. ನಮ್ಮೂರ ಕಲ್ಯಾಣ ಮಂಟಪದಲ್ಲಿ ಮೊದಲ ಪಂಕ್ತಿಗೇ ಇದಕ್ಕಿಂತ ಹೆಚ್ಚು ಎಲೆ ಹಾಕುತ್ತಾರೆ.

ಗಮನಿಸಿ: ಈ ತಂಡದ ಕಾಯಿಲೆ ಸೋಲು ಅಲ್ಲ. ಇದು ಗೆಲ್ಲೋದರಲ್ಲಿ ನಿಸ್ಸೀಮ ತಂಡ, ಒಟ್ಟು 9 ವಿಶ್ವ ಸರಣಿ ಗೆದ್ದಿದೆ. ಕಾಯಿಲೆ ಇರೋದು ಗೆದ್ದ ಮೇಲೆ ಮಾರೋದರಲ್ಲಿ.

ಒಂದೇ ಒಂದು ಕಾಲ ಮಾತ್ರ ಹೀಗಿರಲಿಲ್ಲ. 1980ರಲ್ಲಿ ಲೀವೈಸ್ ಜೀನ್ಸ್ ಕಂಪನಿಯ ವಾಲ್ಟರ್ ಹಾಸ್ ತಂಡ ಕೊಂಡರು. ತಂಡ ಊರಿನ ಆಸ್ತಿ, ನಾನು ಬರೀ ಉಸ್ತುವಾರಿ ಅನ್ನುವ ಥರ ನಡೆದುಕೊಂಡವರು. ಓಕ್ಲಂಡಿನಲ್ಲೇ ಬೆಳೆದ ಹುಡುಗ ರಿಕಿ ಹೆಂಡರ್‌ಸನ್ 1982ರಲ್ಲಿ 130 ಬೇಸ್ ಕದ್ದ. ಪಿಚರ್ ಚೆಂಡೆಸೆಯುವ ಹೊತ್ತಿಗೆ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡುವುದು ಕದಿಯುವುದು, ಆ ದಾಖಲೆ ಈಗಲೂ ನಿಂತಿದೆ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ನೀವು ಎದ್ದು ಕೂತು ಮಾಡುವ ಮೆಕ್ಸಿಕನ್ ವೇವ್ ಇದೆಯಲ್ಲ, ಅದನ್ನು 1981ರ ಅಕ್ಟೋಬರ್ 15ರಂದು ಓಕ್ಲಂಡ್ ಕೊಲಿಸಿಯಮ್‌ನಲ್ಲಿ ಕ್ರೇಜಿ ಜಾರ್ಜ್ ಎಂಬ ಚಿಯರ್‌ಲೀಡರ್ ಎಬ್ಬಿಸಿದ. ಮೊದಲು ಮಾಡಿದವರು ನಾವು ಅಂತ ಸಿಯಾಟಲ್‌ನ ಕಾಲೇಜೊಂದು ಜಗಳಕ್ಕೆ ಬರುತ್ತೆ, ಬರಲಿ ಬಿಡಿ. 1989ರಲ್ಲಿ ಪಕ್ಕದ ಊರಿನ ಜೈಂಟ್ಸ್ ವಿರುದ್ಧವೇ ವಿಶ್ವ ಸರಣಿ. ಮೂರನೇ ಆಟಕ್ಕೆ ಸ್ವಲ್ಪ ಮುಂಚೆ, ಸಂಜೆ 5:04ಕ್ಕೆ, ಭೂಕಂಪ. ಓಕ್ಲಂಡಿನಲ್ಲಿ ಎರಡಂತಸ್ತಿನ ಹೆದ್ದಾರಿ ಕುಸಿದು 42 ಜನ ಸತ್ತರು. ಹತ್ತು ದಿನ ಬಿಟ್ಟು ಆಟ ಮುಂದುವರಿದು, ಏಸ್ 4-0ಯಿಂದ ಗೆದ್ದಿತು. ಮರುವರ್ಷ ಸ್ಟೇಡಿಯಂಗೆ ಬಂದವರು 29 ಲಕ್ಷ. ಓಕ್ಲಂಡಿನ ಜನ ಬೇಸ್‌ಬಾಲ್ ನೋಡಲ್ಲ ಅನ್ನುವವರ ಮುಖಕ್ಕೆ ಈ ಸಂಖ್ಯೆ ಹಿಡಿಯಬೇಕು.

ಹಾಸ್ ಮಾಡಿದ ಇನ್ನೊಂದು ಉಪಕಾರ ಮಾತ್ರ ತಿರುಗಿ ಹೊಡೆಯಿತು. ಜೈಂಟ್ಸ್ ತಂಡ ಊರು ಬಿಡುವ ಸ್ಥಿತಿಯಲ್ಲಿದ್ದಾಗ, ನೀವು ಬೇಕಾದರೆ ಸ್ಯಾನ್ ಹೋಸೆ ಕಡೆ ಸ್ಟೇಡಿಯಂ ಕಟ್ಟಿಕೊಳ್ಳಿ ಅಂತ ಆ ಪ್ರದೇಶದ ಹಕ್ಕನ್ನು ಪುಕ್ಕಟೆ ಬಿಟ್ಟುಕೊಟ್ಟರು. ಜೈಂಟ್ಸ್ ಅಲ್ಲಿಗೆ ಹೋಗಲಿಲ್ಲ, ಹಕ್ಕನ್ನೂ ವಾಪಸ್ ಕೊಡಲಿಲ್ಲ. ಇಪ್ಪತ್ತು ವರ್ಷದ ನಂತರ ಏಸ್ ಅದೇ ಸ್ಯಾನ್ ಹೋಸೆಗೆ ಹೋಗ್ತೀವಿ ಅಂದಾಗ, ಇದು ನಮ್ಮ ಸೀಮೆ ಅಂದರು. ವಿಷಯ ಸುಪ್ರೀಂ ಕೋರ್ಟ್ ಬಾಗಿಲವರೆಗೆ ಹೋಯಿತು, ಬಾಗಿಲು ತೆರೆಯಲಿಲ್ಲ.

ಈಗ ಮನಿಬಾಲ್‌ಗೆ ಬರೋಣ. 2002ರಲ್ಲಿ ಸತತ 20 ಗೆಲುವು, ಸೀಸನ್ನಿಗೆ 103. ಇಪ್ಪತ್ತನೇ ಆಟದಲ್ಲಿ 11-0 ಮುಂದಿದ್ದು, 11-11 ಮಾಡಿಕೊಂಡು, ಕೊನೆಗೆ ಸ್ಕಾಟ್ ಹ್ಯಾಟೆಬರ್ಗ್ ಹೋಮ್ ರನ್ ಹೊಡೆದ, ಇದೆಲ್ಲ ನಿಜ. ಸಿನಿಮಾ ಹೇಳದೇ ಬಿಟ್ಟದ್ದು, ಆ ತಂಡದಲ್ಲಿ ಹಡ್ಸನ್, ಮಲ್ಡರ್, ಝಿಟೊ ಎಂಬ ಮೂವರು ಅಪ್ರತಿಮ ಪಿಚರ್‌ಗಳಿದ್ದರು ಅನ್ನೋದು. ಆ ವರ್ಷದ ಶ್ರೇಷ್ಠ ಪಿಚರ್ ಝಿಟೊ, ಲೀಗಿನ ಶ್ರೇಷ್ಠ ಆಟಗಾರ ಮಿಗೆಲ್ ತೆಹಾದಾ, ಇಬ್ಬರೂ ಇಲ್ಲೇ ಇದ್ದರು. ಸ್ಪ್ರೆಡ್‌ಶೀಟ್ ಒಂದೇ ಗೆಲ್ಲಿಸಲಿಲ್ಲ. ಮುಂದಿನ ಐದು ವರ್ಷದಲ್ಲಿ ಈ ನಾಲ್ವರೂ ಬೇರೆ ಊರು ಸೇರಿದರು. ಮನಿಬಾಲ್ ಮಾಡಿದ ದೊಡ್ಡ ಅನ್ಯಾಯ ಇದೇ: ಒಬ್ಬ ಬಡವ ಅನಿವಾರ್ಯವಾಗಿ ಕಂಡುಕೊಂಡ ಉಪಾಯವನ್ನು ಸಾಹುಕಾರನ ಜಿಪುಣತನಕ್ಕೆ ತತ್ವಶಾಸ್ತ್ರವಾಗಿ ಒದಗಿಸಿಕೊಟ್ಟಿತು. 2005ರಲ್ಲಿ ತಂಡ ಗ್ಯಾಪ್ ಬಟ್ಟೆ ಕಂಪನಿಯ ವಾರಸುದಾರ ಜಾನ್ ಫಿಶರ್ ಕೈಸೇರಿತು. ಅಲ್ಲಿಗೆ ಬಡತನದ ನೆಪ ಮುಗಿಯಬೇಕಿತ್ತು.

ನಾನು ಬೆಂಗಳೂರಿಂದ ಫ್ರೀಮಾಂಟ್‌ಗೆ ಬಂದದ್ದು 2012ರಲ್ಲಿ. ಬಾರ್ಟ್ ರೈಲು ಹತ್ತಿದರೆ ಸೀದಾ ಸ್ಟೇಡಿಯಂ, ಸ್ಟೇಷನ್ನಿಂದ ಉದ್ದನೆಯ ಕಾಲ್ಸೇತುವೆ, ಅದರ ಮೇಲೆ ಹಾಟ್‌ಡಾಗ್ ಮಾರುವವರು, ಡೋಲು ಹೊತ್ತು ಹೋಗುವವರು. ಗ್ಯಾಲರಿಯಲ್ಲಿ ಡೋಲು ಶುರುವಾದರೆ ನಮ್ಮೂರ ಉತ್ಸವದ ತಮಟೆ ನೆನಪಾಗುತ್ತಿತ್ತು. ಆ ವರ್ಷ 13 ಆಟ ಹಿಂದಿದ್ದ ಏಸ್ ಸೀಸನ್ನಿನ ಕಟ್ಟಕಡೆಯ ದಿನ ಟೆಕ್ಸಸ್ ತಂಡವನ್ನು ಹಿಂದಿಕ್ಕಿತು. ಇನ್ನು ನನಗೆ ಬಿಡುಗಡೆ ಎಲ್ಲಿ? 2013ರಲ್ಲಿ ಚರಂಡಿ ಉಕ್ಕಿ ಆಟಗಾರರ ಕೋಣೆಗೇ ನುಗ್ಗಿತು, ನಕ್ಕೆವು. 2014ರ ಕೊನೆಗೆ ಜಾಶ್ ಡೊನಾಲ್ಡ್‌ಸನ್‌ನನ್ನು ಟೊರಾಂಟೊಗೆ ಕೊಟ್ಟರು, ಮರುವರ್ಷವೇ ಅವನು ಲೀಗಿನ ಶ್ರೇಷ್ಠ ಆಟಗಾರನಾದ, ನಗು ಬರಲಿಲ್ಲ. 2022ರ ಮಾರ್ಚ್‌ನಲ್ಲಿ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಕ್ರಿಸ್ ಬ್ಯಾಸಿಟ್ ಮೂವರೂ ಒಂದೇ ವಾರದಲ್ಲಿ ಹೋದರು. ಒಬ್ಬ ಆಟಗಾರನ ಹೆಸರಿನ ಜೆರ್ಸಿ ಕೊಳ್ಳೋದನ್ನೇ ನಾನು ನಿಲ್ಲಿಸಿದೆ. ಆ ವರ್ಷ 102 ಸೋಲು. ಮರುವರ್ಷ ಲೀಗಿನಲ್ಲೇ ಅತಿ ಕಡಿಮೆ ಸಂಬಳದ ತಂಡ, 112 ಸೋಲು. ಅಷ್ಟು ಮಾಡಿ ಆಮೇಲೆ, ಓಕ್ಲಂಡಿನಲ್ಲಿ ಜನ ಬರಲ್ಲ, ನಾವು ಲಾಸ್ ವೇಗಸ್‌ಗೆ ಹೋಗ್ತೀವಿ ಅಂದರು. ಅನ್ನಕ್ಕೆ ಉಪ್ಪು ಹಾಕದೇ ಬಡಿಸಿ, ನೆಂಟರಿಗೆ ಹಸಿವಿಲ್ಲ ಅಂದ ಹಾಗೆ. ಹಾಗೆ ನೋಡಿದರೆ ವೇಗಸ್ ಹೊಸ ಊರಲ್ಲ. 1996ರಲ್ಲಿ ಫುಟ್‌ಬಾಲ್ ತಂಡವೊಂದಕ್ಕಾಗಿ ಕೊಲಿಸಿಯಮ್ ರಿಪೇರಿ ನಡೆದು ಮುಗಿಯದೇ, ಏಸ್ ತನ್ನ ಮೊದಲ ಆರು ‘ತವರಿನ’ ಆಟಗಳನ್ನು ಲಾಸ್ ವೇಗಸ್‌ನಲ್ಲೇ ಆಡಿತ್ತು.

2023ರ ಜೂನ್ 13ರಂದು ಅಭಿಮಾನಿಗಳು ಬಹಿಷ್ಕಾರವನ್ನೇ ಉಲ್ಟಾ ಮಾಡಿದರು. ಬರದೇ ಇರೋದಲ್ಲ, ಎಲ್ಲರೂ ಬರೋದು. ‘ಮಾರಿಬಿಡು’ ಅಂತ ಬರೆದ ಹಸಿರು ಟೀಶರ್ಟ್ ತೊಟ್ಟು 27,759 ಜನ ಸೇರಿದೆವು. ಆಟಗಾರರನ್ನಲ್ಲಪ್ಪಾ, ಈ ಸಲ ತಂಡವನ್ನೇ ಮಾರು, ಊರಲ್ಲಿ ಉಳಿಸಿಕೊಳ್ಳುವವರಿಗೆ ಮಾರು ಅಂತ. ನೂರು ವರ್ಷದಿಂದ ಮಾರುವುದನ್ನೇ ಮಾಡಿಕೊಂಡು ಬಂದ ತಂಡಕ್ಕೆ ಇದೊಂದು ಮಾರಾಟ ಮಾತ್ರ ಆಗಲಿಲ್ಲ. ಆ ರಾತ್ರಿ ಲೀಗಿನ ಅಗ್ರ ತಂಡವಾಗಿದ್ದ ಟ್ಯಾಂಪಾ ಬೇ ವಿರುದ್ಧ 2-1ರಿಂದ ಗೆದ್ದೆವು. ಅದೇ ಹೊತ್ತಿಗೆ ನೆವಾಡಾದ ಶಾಸಕರು ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗಿನ ಸಾರ್ವಜನಿಕ ಹಣಕ್ಕೆ ಕೈಯೆತ್ತುತ್ತಿದ್ದರು. ನವೆಂಬರ್‌ನಲ್ಲಿ ಉಳಿದೆಲ್ಲ ತಂಡಗಳ ಮಾಲೀಕರೂ ಸೇರಿ ವಲಸೆಗೆ ಒಪ್ಪಿಗೆ ಕೊಟ್ಟರು, 30-0. ಒಬ್ಬರೂ ಬೇಡ ಅನ್ನಲಿಲ್ಲ.

ಕೊನೆಯ ಆಟ 2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ. ಆಫೀಸಿಗೆ ರಜೆ ಹಾಕಿ ಹೋದೆ. 46,889 ಜನ. ಟೆಕ್ಸಸ್ ವಿರುದ್ಧ 3-2 ಗೆಲುವು. ಆಟ ಮುಗಿದ ಮೇಲೆ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಊರಿಗೆ ಥ್ಯಾಂಕ್ಸ್ ಹೇಳಿ, ಓಕ್ಲಂಡಿನ ಹೆಸರು ಕೂಗಿಸಿದ. ಜನ ಏಳಲೇ ಇಲ್ಲ. ಮೈದಾನದ ಸಿಬ್ಬಂದಿ ಅಂಗಳದ ಕೆಂಪು ಮಣ್ಣನ್ನು ಲೋಟಗಳಲ್ಲಿ ತುಂಬಿ ಕೊಡುತ್ತಿದ್ದರು. ನನ್ನ ಮುಂದಿನ ಸಾಲಿನ ಅಜ್ಜಿಯೊಬ್ಬರು ಅದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡರು.

ಈಗ ತಂಡ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ, ಸುಮಾರು 14 ಸಾವಿರ ಜನ ಹಿಡಿಯುವ ಚಿಕ್ಕ ಸ್ಟೇಡಿಯಂನಲ್ಲಿ ಬಾಡಿಗೆಗೆ ಆಡುತ್ತಿದೆ, ವೇಗಸ್‌ನ ಮನೆ ಸಿದ್ಧವಾಗುವ ತನಕ. ಹೆಸರಿನ ಹಿಂದೆ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್. ಸ್ಕೋರ್ ನೋಡಲ್ಲ ಅಂತ ಶಪಥ ಮಾಡಿದ್ದೇನೆ. ಬಾರ್ಟ್ ರೈಲು ಮಾತ್ರ ದಿನಾ ಆ ಸ್ಟೇಷನ್ನಿನಲ್ಲಿ ನಿಲ್ಲುತ್ತೆ, ಹೆಸರು ಇನ್ನೂ ಕೊಲಿಸಿಯಮ್ ಅಂತಲೇ ಕೂಗುತ್ತಾರೆ.