ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯರಿಗೆ ಪ್ಲೈಯೊಮೆಟ್ರಿಕ್ ತರಬೇತಿ: ಪೋಷಕರಿಗೆ ಮಾಹಿತಿ

ಮಗಳು ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದ ಮೇಲೆ ಮನೆಯಲ್ಲಿ ಕೇಳಿಬರುವ ಹೊಸ ಪದ ‘ಪ್ಲೈಯೊಮೆಟ್ರಿಕ್’. ಕೋಚ್ ಪೆಟ್ಟಿಗೆಯ ಮೇಲಿಂದ ಹಾರಿಸುತ್ತಾರೆ, ಮೊಣಕಾಲು ತಡೆದೀತೇ ಎಂಬುದು ತಾಯಂದಿರ ಚಿಂತೆ. ನಾನು ಆಟಗಾರನಲ್ಲ, ಕಡತಗಳ ನಡುವೆ ಕಾಲ ಕಳೆದ ಗುಮಾಸ್ತ. ಓದಿ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಹಾರುವ ಮುನ್ನ ಎಲ್ಲರೂ ಮೊಣಕಾಲು ತುಸು ಬಗ್ಗಿಸುತ್ತೇವೆ. ಆಗ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಎಳೆದ ರಬ್ಬರಿನಂತೆ ಹಿಗ್ಗಿ ಶಕ್ತಿ ಹಿಡಿದಿಡುತ್ತವೆ. ಕೂಡಲೇ ಚಿಮ್ಮಿದರೆ ಆ ಶಕ್ತಿ ಜಿಗಿತಕ್ಕೆ ಸೇರುತ್ತದೆ, ತಡವಾದರೆ ವ್ಯರ್ಥ. ಈ ನಡುವಿನ ಹೊತ್ತನ್ನು ಕಡಿಮೆ ಮಾಡುವ ಅಭ್ಯಾಸವೇ ಪ್ಲೈಯೊಮೆಟ್ರಿಕ್. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಯೂರಿ ವೆರ್ಖೊಶಾನ್‌ಸ್ಕಿ ಎತ್ತರದಿಂದ ಇಳಿದು ತಕ್ಷಣ ಮೇಲೆ ಹಾರುವ ಕ್ರಮವನ್ನು ಬೆಳೆಸಿದರು. 1975ರಲ್ಲಿ ಇದಕ್ಕೆ ಈಗಿನ ಹೆಸರು ಕೊಟ್ಟವರು ಅಮೆರಿಕದ ಫ್ರೆಡ್ ವಿಲ್ಟ್.

ಮಹಿಳೆಯರ ಚೆಂಡು ಗಾತ್ರದಲ್ಲಿ ಚಿಕ್ಕದು, ಆದರೆ ರಿಂಗ್ ಪುರುಷರಿಗಿರುವಷ್ಟೇ, 3.05 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಜಿಗಿತ ಬೇಕೇ ಬೇಕು. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಮಹಿಳೆಯರು ಕಜಾಕಸ್ತಾನವನ್ನು ಸೋಲಿಸಿದ್ದು 75-73ರಿಂದ. ಎರಡೇ ಅಂಕ, ಅಂದರೆ ಒಂದು ರೀಬೌಂಡ್ ಕೈಗೆ ಸಿಕ್ಕಿದ ಲೆಕ್ಕ!

ಈಗ ಮೊಣಕಾಲಿನ ವಿಷಯ. ಕೋಚ್‌ಗಳು ಎಸಿಎಲ್ ಎನ್ನುವ, ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಇದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಹೆಚ್ಚಿನವು ಯಾರೂ ಡಿಕ್ಕಿ ಹೊಡೆಯದೆ, ಹಾರಿ ಇಳಿಯುವಾಗಲೋ ಗಕ್ಕನೆ ತಿರುಗುವಾಗಲೋ ಆಗುವಂಥವು. ಮೊಣಕಾಲು ಸಾಕಷ್ಟು ಬಗ್ಗದೆ ಒಳಕ್ಕೆ ವಾಲುವುದು ಮುಖ್ಯ ಕಾರಣಗಳಲ್ಲೊಂದು. 1999ರಲ್ಲಿ ಟಿಮೊಥಿ ಹೆವೆಟ್ ಮತ್ತು ಸಂಗಡಿಗರು ಅಮೆರಿಕದ 1,263 ಪ್ರೌಢಶಾಲಾ ಆಟಗಾರರ ಲೆಕ್ಕ ಪ್ರಕಟಿಸಿದರು. ಆಟದ ಋತುವಿಗೆ ಮುಂಚೆ 6 ವಾರ ಜಿಗಿತ ಮತ್ತು ಇಳಿತದ ತರಬೇತಿ ಪಡೆದ ಹುಡುಗಿಯರಿಗೆ ಹೋಲಿಸಿದರೆ, ಪಡೆಯದವರಲ್ಲಿ ಮೊಣಕಾಲಿನ ಗಂಭೀರ ಗಾಯ 3.6 ಪಟ್ಟು ಹೆಚ್ಚಿತ್ತು. ಒಂದೇ ಅಧ್ಯಯನದಿಂದ ಎಲ್ಲ ತೀರ್ಮಾನವಾಗದು, ನಿಜ. ಆದರೆ ನಾವು ಯಾವ ಜಿಗಿತಕ್ಕೆ ಹೆದರುತ್ತೇವೋ ಅದೇ ಜಿಗಿತ ಸರಿಯಾಗಿ ಕಲಿಸಿದರೆ ಕಾಲನ್ನು ಕಾಯುತ್ತದೆ ಎಂಬುದನ್ನು ನಾನೂ ಮೊದಲು ನಂಬಿರಲಿಲ್ಲ.

ತೊಂದರೆ ಇರುವುದು ‘ಸರಿಯಾಗಿ’ ಎಂಬಲ್ಲಿ. ಮೊದಲ ವಾರಗಳಲ್ಲಿ ಇಳಿಯುವುದನ್ನು ಮಾತ್ರ ಕಲಿಸಬೇಕು: ಪಾದದ ಮುಂಭಾಗ ಮೊದಲು ನೆಲಕ್ಕೆ, ಆಮೇಲೆ ಹಿಮ್ಮಡಿ, ಮೊಣಕಾಲು ಬಗ್ಗಿ ಕಾಲ್ಬೆರಳುಗಳ ನೇರಕ್ಕೆ. ಧಪ್ ಎಂಬ ಸದ್ದು ಬಂದರೆ ತಪ್ಪಾಗಿದೆ ಎಂದೇ ಅರ್ಥ. ಹೊಸಬರಿಗೆ ಒಂದು ದಿನಕ್ಕೆ 80ರಿಂದ 100 ಸಲ ಪಾದ ನೆಲ ಮುಟ್ಟಿದರೆ ಸಾಕು, ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಪೆಟ್ಟಿಗೆ ಮೊದಲಿಗೆ ಒಂದು ಮೆಟ್ಟಿಲಿನಷ್ಟೇ ಎತ್ತರವಿರಲಿ. ಸಿಮೆಂಟ್ ಅಂಕಣದ ಮೇಲೆ ಬೇಡ. ಮಟ್ಟಸವಾದ ಮಣ್ಣಿನ ಮೈದಾನ ಅಥವಾ ಹುಲ್ಲು ಲೇಸು. ಮೊಣಕಾಲು ಊದಿಕೊಂಡರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ‘ಸ್ವಲ್ಪ ಸಹಿಸಿಕೋ’ ಎನ್ನುವ ಕೋಚ್ ಇದ್ದರೆ ಪೋಷಕರು ಹೋಗಿ ಮಾತಾಡುವುದರಲ್ಲಿ ಸಂಕೋಚ ಬೇಡ.

ಪ್ರಗತಿ ಅಳೆಯಲು ಯಂತ್ರ ಬೇಕಿಲ್ಲ. 1921ರಲ್ಲಿ ಡಡ್ಲಿ ಸಾರ್ಜೆಂಟ್ ಪ್ರಕಟಿಸಿದ ಪರೀಕ್ಷೆಯನ್ನು ಇಂದು ಸೀಮೆಸುಣ್ಣದಿಂದಲೇ ಮಾಡುತ್ತಾರೆ: ಗೋಡೆಯ ಪಕ್ಕ ನಿಂತು ಕೈ ಎಟುಕುವಲ್ಲಿ ಒಂದು ಗುರುತು, ಹಾರಿ ಎಟುಕುವಲ್ಲಿ ಇನ್ನೊಂದು. ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆದು, ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಿ. ಗೋಡೆ ಬಳಿದು ಹೆಚ್ಚು ದಿನವಾಗಿರದಿದ್ದರೆ ಹಿತ್ತಲ ಗೋಡೆಯನ್ನೇ ಬಳಸಿ.