ನಾಲ್ಕೆಲೆಯ ರಸ್ತೆ

ಇತಿಹಾಸವೆಂದರೆ ಕೋಟೆ, ಶಾಸನ, ಯುದ್ಧಗಳಷ್ಟೇ ಎಂದು ನೀವು ಭಾವಿಸಿರಬಹುದು. ನಾವು ದಿನವೂ ದಾಟಿಹೋಗುವ ರಸ್ತೆಗೂ ಒಂದು ಇತಿಹಾಸವುಂಟು. ಇಂಡೋನೇಷ್ಯದ ಜಕಾರ್ತ ನಗರದ ಸೆಮಂಗಿ ಕೂಡುರಸ್ತೆಯನ್ನೇ ನೋಡೋಣ.

ಡಚ್ಚರ ಕಾಲದಲ್ಲಿ ಬಟೇವಿಯ ಎನಿಸಿದ್ದ ಈ ಊರು ಸ್ವತಂತ್ರ ಇಂಡೋನೇಷ್ಯದ ರಾಜಧಾನಿಯಾಯಿತು. 1962ರ ಏಷ್ಯನ್ ಕ್ರೀಡಾಕೂಟವನ್ನು ನಡೆಸುವ ಹೊಣೆಯೂ ಅದಕ್ಕೆ ಬಂತು. ಅಧ್ಯಕ್ಷ ಸುಕರ್ಣೊ ಸ್ವತಃ ಸಿವಿಲ್ ಇಂಜಿನಿಯರಿಂಗ್ ಓದಿದವರು. ಹೊಸ ರಾಷ್ಟ್ರ ಯಾರಿಗೂ ಕಡಿಮೆಯಲ್ಲವೆಂದು ಜಗತ್ತಿಗೆ ತೋರಿಸುವುದು ಅವರ ಹಂಬಲವಾಗಿತ್ತು. ಸೆನಾಯನ್‌ನಲ್ಲಿ ಬೃಹತ್ ಕ್ರೀಡಾಂಗಣ ಎದ್ದಿತು. ಅದರ ಸಮೀಪ ಎರಡು ಹೆದ್ದಾರಿಗಳು ಕೂಡುವಲ್ಲಿ, ಇಂಜಿನಿಯರ್ ಸುತಾಮಿಯವರ ಸಲಹೆಯಂತೆ, 1961ರಲ್ಲಿ ಸೆಮಂಗಿಯ ಕೆಲಸ ಆರಂಭವಾಯಿತು.

ಸೆಮಂಗಿ ಎಂಬುದು ಜೌಗುನೆಲದಲ್ಲಿ ಬೆಳೆಯುವ, ನಾಲ್ಕು ಎಸಳಿನ ಎಲೆಯುಳ್ಳ ಒಂದು ಸಸ್ಯದ ಹೆಸರು. ಮೇಲಿನಿಂದ ನೋಡಿದರೆ ಈ ಕೂಡುರಸ್ತೆಯದೂ ಅದೇ ಆಕಾರ. ಒಂದು ರಸ್ತೆ ಸೇತುವೆಯ ಮೇಲೆ, ಇನ್ನೊಂದು ಅದರ ಕೆಳಗೆ. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ. ಬಲಕ್ಕೆ ಹೋಗಬೇಕಾದವರು ಅಡ್ಡರಸ್ತೆಯನ್ನು ದಾಟಿ, ಎಡಕ್ಕೆ ಹೊರಳಿ, ಮುಕ್ಕಾಲು ಸುತ್ತು ಬಂದು ತಮ್ಮ ದಾರಿಯನ್ನು ಸೇರುತ್ತಿದ್ದರು. ಎದುರು ವಾಹನಕ್ಕೆ ಅಡ್ಡಬರುವ ಪ್ರಮೇಯವೇ ಇಲ್ಲ!

ಆದರೆ ಈ ವೈಭವಕ್ಕೆ ಬೆಲೆ ತೆತ್ತವರು ಯಾರು? ಕ್ರೀಡಾ ಸಂಕೀರ್ಣಕ್ಕಾಗಿ ಸೆನಾಯನ್‌ನ ನಿವಾಸಿಗಳು ತೋಟ, ಮನೆಗಳನ್ನು ಬಿಟ್ಟು ತೆಬೆತ್ ಮೊದಲಾದ ಕಡೆ ನೆಲೆಸಬೇಕಾಯಿತು. ಅವರಲ್ಲಿ ಬಹುಮಂದಿ ಆ ನೆಲದ ಮೂಲವಾಸಿಗಳಾದ ಬೆತಾವಿ ಜನ. ಅದೇ ಕಾಲದಲ್ಲಿ ಬೆಲೆಯೇರಿಕೆ ದೇಶವನ್ನು ಕಾಡುತ್ತಿತ್ತು. ಸುಮಾರು 29 ಲಕ್ಷ ಜನರಿದ್ದ ನಗರದಲ್ಲಿ ಕಾರುಳ್ಳವರು ಕೆಲವರೇ.

ಕ್ರೀಡಾಕೂಟವೇನೋ ನಡೆಯಿತು. ಸೆಪ್ಟೆಂಬರ್ 4ರಂದು ಅದೇ ಕ್ರೀಡಾಂಗಣದಲ್ಲಿ ಭಾರತ ತಂಡ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಫುಟ್‌ಬಾಲ್ ಚಿನ್ನ ಗೆದ್ದಿತು. ಮುಂದೆ ನಗರ ಬೆಳೆಯಿತು, ವಾಹನಗಳು ಹೆಚ್ಚಿದವು. ಸುತ್ತಿಗೆ ಇಳಿಯುವವರೂ ಸುತ್ತಿನಿಂದ ಬರುವವರೂ ಒಂದೇ ಕಡೆ ಬೆರೆತು ದಟ್ಟಣೆ ಉಂಟಾಯಿತು. ಅದನ್ನು ತಗ್ಗಿಸಲು ಕಟ್ಟಿದ ಎರಡು ಹೊಸ ಎತ್ತರದ ಸುತ್ತುದಾರಿಗಳು 2017ರ ಆಗಸ್ಟ್ 17ರಂದು, ಅಲ್ಲಿನ ಸ್ವಾತಂತ್ರ್ಯ ದಿನದಂದೇ, ಉದ್ಘಾಟನೆಗೊಂಡವು.

ಹಾಗಾದರೆ ಸೆಮಂಗಿಯನ್ನು ಕಟ್ಟಿದ್ದು ತಪ್ಪೇ? ಒಂದೇ ಮಾತಿನಲ್ಲಿ ಉತ್ತರಿಸುವುದು ಸುಲಭವಲ್ಲ. ದಾಸ್ಯದಿಂದ ಬಿಡಿಸಿಕೊಂಡ ಜನಕ್ಕೆ ಹೆಮ್ಮೆಯೂ ಬೇಕು, ಬಡವನಿಗೆ ಅವನ ಮನೆಯೂ ಬೇಕು. ನಿಮ್ಮ ಊರಿನ ಮೇಲ್ಸೇತುವೆಯ ಬಳಿ ಒಮ್ಮೆ ನಿಂತು, ಅಲ್ಲಿ ಮೊದಲು ಏನಿತ್ತು, ಯಾರಿದ್ದರು ಎಂದು ಹಿರಿಯರನ್ನು ಕೇಳಿ. ಕೇಳಿದ್ದನ್ನು ಬರೆದಿಡಿ.